ಆಂಟಿಗುವಾದಲ್ಲಿ 8 ವಾರ: ಸ್ಪ್ಯಾನಿಷ್ ಕ್ಲಾಸು, ಸ್ವಯಂಸೇವೆ ಎರಡೂ ಒಟ್ಟಿಗೆ ಆಗುತ್ತಾ?

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ಜನವರಿಯಿಂದ ಎರಡು ತಿಂಗಳು ರಜೆ ಸಿಕ್ಕಿದೆ. ಗ್ವಾಟೆಮಾಲಾದ ಆಂಟಿಗುವಾದಲ್ಲಿ ಸ್ಪ್ಯಾನಿಷ್ ಕಲಿಯಬೇಕು, ಮಧ್ಯಾಹ್ನ ಯಾವುದಾದರೂ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕು ಅಂತ ಆಸೆ. ಆ ದೇಶವೇ ಯಾಕೆ ಅಂದರೆ, ನಮ್ಮದು ಸಕಲೇಶಪುರದ ಕಡೆ ಏಲಕ್ಕಿ ತೋಟ. ಗ್ವಾಟೆಮಾಲಾದಲ್ಲಿ ಬೆಳೆ ಚೆನ್ನಾಗಿ ಬಂದರೆ ನಮ್ಮ ರೇಟು ಬೀಳುತ್ತದೆ ಅಂತ ಅಪ್ಪ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮೊದಲ ದಿನದಿಂದಲೇ ಕ್ಲಾಸು, ಸೇವೆ ಎರಡೂ ಆಗುತ್ತಾ? ನಾನು ಸಸ್ಯಾಹಾರಿ, ಒಬ್ಬಳೇ ಹೋಗುತ್ತಿದ್ದೇನೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಕಲ್ಲುದಾರಿ

ನಾನು ಅಲ್ಲಿ ಆರು ವಾರ ಇದ್ದೆ. ಅಲ್ಲಿನ ಪದ್ಧತಿ ಅಂದರೆ ಒಬ್ಬ ಟೀಚರಿಗೆ ಒಬ್ಬರೇ ವಿದ್ಯಾರ್ಥಿ, ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಗಂಟೆ. ಕೇಳುವುದಕ್ಕೆ ಕಡಿಮೆ ಅನಿಸುತ್ತದೆ, ಆದರೆ ಎದುರಿಗೆ ಒಬ್ಬರೇ ಕೂತು ನಾಲ್ಕು ಗಂಟೆ ಮಾತಾಡಿಸಿದರೆ ತಲೆ ಪೂರ್ತಿ ಖಾಲಿಯಾಗುತ್ತದೆ, ಮೊದಲ ವಾರ ನಾನು ಊಟ ಮಾಡಿದವಳೇ ನಿದ್ದೆ ಹೋಗುತ್ತಿದ್ದೆ. ಹಾಗಾಗಿ ಮೊದಲ ಮೂರು ವಾರ ಬರೀ ಕ್ಲಾಸು ಇಟ್ಟುಕೊಳ್ಳಿ.

ಕನ್ನಡದವರಿಗೆ ಕೆಲವು ವಿಷಯ ಸುಲಭ. 'ಮೆ ಗುಸ್ತಾ ಎಲ್ ಕಫೆ' ಅಂದರೆ 'ನನಗೆ ಕಾಫಿ ಇಷ್ಟ'. ಅದೇ ಜೋಡಣೆ, 'ನನಗೆ'ಯಿಂದಲೇ ಶುರು. 'ಬಂದೆ' ಅಂದರೆ ಸಾಕು, 'ನಾನು' ಬೇಕಿಲ್ಲ ಅಲ್ವಾ, ಅಲ್ಲೂ ಹಾಗೇ, ಯಾರು ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಅವರ ತ, ದ ನಮ್ಮವೇ. 'ಮಞಾನ' (ನಾಳೆ) ಅನ್ನುವಾಗ ನಮ್ಮ ಞ ಕೊನೆಗೂ ಕೆಲಸಕ್ಕೆ ಬರುತ್ತದೆ! ಕಷ್ಟ ಅಂದರೆ ಲಿಂಗ. ಮೇಜು ಹೆಣ್ಣು, ಪುಸ್ತಕ ಗಂಡು. ಹಿಂದಿ ಬಂದರೆ ಅಭ್ಯಾಸ ಇರುತ್ತದೆ, ನನಗೆ ಬರುತ್ತಿರಲಿಲ್ಲ.

ಊಟದ ಬಗ್ಗೆ ಗಮನ ಇಡಿ. ಉಳಿದುಕೊಂಡ ಮನೆಯಲ್ಲಿ 'ಕಾರ್ನೆ (ಮಾಂಸ) ತಿನ್ನುವುದಿಲ್ಲ' ಅಂದೆ. ಮೊದಲ ದಿನವೇ ಕೋಳಿ ಬಂತು. ಅಲ್ಲಿ ಕಾರ್ನೆ ಅಂದರೆ ಸಾಮಾನ್ಯವಾಗಿ ದನದ ಮಾಂಸ ಅಂತ ಅರ್ಥ. ಕೋಳಿ ಬೇಡ, ಅನ್ನಕ್ಕೆ ಕೋಳಿ ಸಾರು ಬೇಡ, ಬೀನ್ಸಿಗೆ ಹಂದಿ ಕೊಬ್ಬು ಬೇಡ ಅಂತ ಒಂದೊಂದನ್ನೂ ಬಿಡಿಸಿ ಹೇಳಿ. ಹೇಳಿದ ಮೇಲೆ ಆ ಮನೆಯ ಅಮ್ಮ ಎಷ್ಟು ಪ್ರೀತಿಯಿಂದ ಮಾಡಿಕೊಟ್ಟರು ಗೊತ್ತಾ? ಕಪ್ಪು ಬೀನ್ಸು, ಜೋಳದ ತೊರ್ತಿಯಾ ರೊಟ್ಟಿ (ಮೆಕ್ಕೆಜೋಳ, ನಮ್ಮ ಬಿಳಿಜೋಳ ಅಲ್ಲ), ಕರಿದ ಬಾಳೆಹಣ್ಣು, ಬೆಣ್ಣೆಹಣ್ಣು. ಒಂದು ದಿನ 'ಗ್ವಿಸ್ಕಿಲ್' ಅಂತ ತಟ್ಟೆಗೆ ಹಾಕಿದರು, ನೋಡಿದರೆ ನಮ್ಮ ಸೀಮೆಬದನೆಕಾಯಿ. ಅದು ಆ ಕಡೆಯದೇ ತರಕಾರಿ.

ಮೇಷ್ಟ್ರಮಗ

ಸ್ವಯಂಸೇವೆಯ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ನೇರವಾಗಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನನ್ನನ್ನು ಒಬ್ಬ ಮಧ್ಯವರ್ತಿ ದುಡ್ಡು ತೆಗೆದುಕೊಂಡು ಒಂದು ಹಳ್ಳಿ ಶಾಲೆಗೆ ಕಳಿಸಿದ್ದ. ಇಂಗ್ಲಿಷ್ ಬಣ್ಣಗಳಿಂದ ಶುರು ಮಾಡಿದೆ. ಮಕ್ಕಳು ರೆಡ್, ಬ್ಲೂ, ಗ್ರೀನ್ ಅಂತ ನನಗಿಂತ ಮೊದಲೇ ಹೇಳಿ ಮುಗಿಸಿದರು. ಎರಡು ವಾರಕ್ಕೊಬ್ಬರು ಬರುತ್ತಾರಂತೆ, ಎಲ್ಲರೂ ಬಣ್ಣದಿಂದಲೇ ಶುರು ಮಾಡುತ್ತಾರಂತೆ, ಅದರಿಂದ ಮುಂದಕ್ಕೆ ಆ ಮಕ್ಕಳನ್ನು ಯಾರೂ ಕರೆದುಕೊಂಡು ಹೋಗಿಯೇ ಇಲ್ಲ. ಒಬ್ಬ ಹುಡುಗಿ ಮೊದಲ ದಿನವೇ ಕೇಳಿದಳು, ನೀವು ಯಾವಾಗ ಹೋಗುತ್ತೀರಿ ಅಂತ. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಮಾತು. ಆಂಟಿಗುವಾ ಸುತ್ತಲ ಹಳ್ಳಿಗಳಲ್ಲಿ ಕಾಕ್ಚಿಕೆಲ್ ಮಾತಾಡುವವರು ಇದ್ದಾರೆ, ಅದು ಅಲ್ಲಿನ ಮೂಲನಿವಾಸಿ ಮಾಯಾ ಜನರ ಒಂದು ಭಾಷೆ. ಆ ದೇಶದಲ್ಲಿ ಮಾಯಾ ಭಾಷೆಗಳೇ 22. ಎಷ್ಟೋ ಮಕ್ಕಳಿಗೆ ಸ್ಪ್ಯಾನಿಷ್ಷೇ ಶಾಲೆಯ ಭಾಷೆ, ಮನೆಯದಲ್ಲ. ನಾವು ಕನ್ನಡ ಶಾಲೆಯಲ್ಲಿ ಓದಿದವರು ಇದನ್ನು ಬೇಗ ಅರ್ಥ ಮಾಡಿಕೊಳ್ಳಬೇಕು. ಅನಾಥಾಶ್ರಮಕ್ಕಂತೂ ಕೆಲವು ವಾರದ ಮಟ್ಟಿಗೆ ಹೋಗಲೇಬೇಡಿ. ಮಕ್ಕಳು ಹಚ್ಚಿಕೊಳ್ಳುತ್ತಾರೆ, ನಾವು ವಿಮಾನ ಹತ್ತುತ್ತೇವೆ.

ಮಧ್ಯವರ್ತಿ ಬೇಡ. ಅಲ್ಲಿಗೆ ಹೋಗಿ, ಮೂರು ವಾರ ಭಾಷೆ ಕಲಿತು, ನಿಮ್ಮ ಟೀಚರನ್ನೇ ಕೇಳಿ ಯಾರಿಗೆ ಏನು ಬೇಕು ಅಂತ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಲೆಕ್ಕ ಬರೆಯುವುದು, ಕಾಫಿ ಬೆಳೆಗಾರರ ಜೊತೆ ಕೆಲಸ. ನೀವು ತೋಟದ ಮನೆಯವರು, ಕಾಫಿ ಬಿಡಿಸುವ ಕಾಲವೂ ಅದೇ. ಅಲ್ಲಿ ನಿಮ್ಮಿಂದ ನಿಜವಾದ ಉಪಯೋಗ ಆಗುತ್ತದೆ.

ಸಂಪಿಗೆಮರ

ಬೇಸರ ಇಲ್ಲ ಸಾರ್, ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ಶಾಲೆಗೆ ಮೇಲ್ ಬರೆದು ಇಟ್ಟಿದ್ದೆ, ಕಳಿಸುವುದಿಲ್ಲ. @ಕಲ್ಲುದಾರಿ, ಒಬ್ಬಳೇ ಊರು ಸುತ್ತುವುದು ಹೇಗೆ?

ಕಲ್ಲುದಾರಿ

ಹಗಲಲ್ಲಿ ಧೈರ್ಯವಾಗಿ ನಡೆಯಿರಿ, ಕತ್ತಲಾದ ಮೇಲೆ ಬೇಡ. ಗಟ್ಟಿ ಅಡಿಯ ಶೂ ಹಾಕಿಕೊಳ್ಳಿ, ಬೀದಿಗಳೆಲ್ಲ ಕಲ್ಲುಹಾಸು. ದಾರಿ ತಪ್ಪುವುದು ಕಷ್ಟ, ಬೀದಿಗಳೆಲ್ಲ ಚೌಕ ಚೌಕ, ದಕ್ಷಿಣಕ್ಕೆ ಆಗುವಾ ಜ್ವಾಲಾಮುಖಿ ಗೋಡೆ ಥರ ನಿಂತಿರುತ್ತದೆ. 1773ರ ಭೂಕಂಪದಲ್ಲಿ ಊರು ಬಿದ್ದ ಮೇಲೆ ರಾಜಧಾನಿಯನ್ನು ಬೇರೆ ಕಡೆಗೆ ಒಯ್ದರು, ಇದು 'ಹಳೇ' ಗ್ವಾಟೆಮಾಲಾ ಆಗಿ ಉಳಿಯಿತು. ಆಂಟಿಗುವಾ ಅಂದರೆ ಹಳೆಯದು ಅಂತಲೇ. ಚಾವಣಿ ಇಲ್ಲದ ಚರ್ಚುಗಳ ಒಳಗೆ ನಿಂತರೆ ಆಕಾಶ ಕಾಣುತ್ತದೆ. ಎಲ್ಲರೂ ಹಳದಿ ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಆದರೆ ನನಗೆ ಭಾಷೆ ಬಂದಿದ್ದು ತಾಂಕೆ ಲಾ ಉನಿಯೋನ್ ಹತ್ತಿರ. ಅದು ಸಾರ್ವಜನಿಕ ಬಟ್ಟೆ ಒಗೆಯುವ ತೊಟ್ಟಿ, ಹೆಂಗಸರು ಈಗಲೂ ಒಗೆಯುತ್ತಾರೆ. ಪಕ್ಕದಲ್ಲಿ ಸುಮ್ನೆ ಕೂತರೆ ಅವರೇ ಮಾತಾಡಿಸುತ್ತಾರೆ, ಮದುವೆ ಆಗಿದೆಯಾ ಅಂತ ಶುರು ಮಾಡುತ್ತಾರೆ, ನಮ್ಮೂರಿನ ಹಾಗೇ. ಮಾರ್ಕೆಟ್ಟಿಗೆ ಹೋದಾಗ ಟುಕ್‌ಟುಕ್ ನೋಡಿ, ನಮ್ಮ ಬಜಾಜ್ ಆಟೋ.

ಏಲಕ್ಕಿ ನೋಡಬೇಕು ಅಂದರೆ ಕೋಬಾನ್ ಕಡೆಗೆ ಹೋಗಬೇಕು, ಬಸ್ಸಲ್ಲಿ ಬಹುತೇಕ ಒಂದು ಹಗಲು. ಇಂಡಿಯಾದ ಬೀಜ ಅಲ್ಲಿ ಬೇರು ಬಿಟ್ಟಿದ್ದು 20ನೇ ಶತಮಾನದ ಶುರುವಿನಲ್ಲಿ. ಅಷ್ಟು ಬೆಳೆದರೂ ಅಡುಗೆಗೆ ಅವರು ಹೆಚ್ಚುಕಡಿಮೆ ಬಳಸುವುದೇ ಇಲ್ಲ. ನಾನು ಏಲಕ್ಕಿ ಹಾಕಿ ಪಾಯಸ ಮಾಡಿಕೊಟ್ಟಾಗ ಆ ಅಮ್ಮ ಮೊದಲ ಸಲ ಅದರ ರುಚಿ ನೋಡಿದ್ದು.

ಸಂಪಿಗೆಮರ

ಇದನ್ನು ಅಪ್ಪನಿಗೆ ಓದಿ ಹೇಳಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂದರು, ಅವರು ಒಣಗಿಸುವ ಗೂಡು ಹೇಗಿದೆ ನೋಡಿಕೊಂಡು ಬಾ, ಬೆಳೆಗಾರನ ಕೈಗೆ ಕೆಜಿಗೆ ಎಷ್ಟು ಬೀಳುತ್ತದೆ ಅಂತಲೂ ಕೇಳಿಕೊಂಡು ಬಾ. ಅಷ್ಟು ಕೇಳುವಷ್ಟು ಸ್ಪ್ಯಾನಿಷ್ ಆದರೂ ಕಲಿಯುತ್ತೇನೆ.