ಸಹಾಯ ಬೇಕು: ಸವಳು ಗದ್ದೆಗೆ ಬ್ಯಾಕ್ಟೀರಿಯಾ ಹಾಕಿ ಭತ್ತ ಬೆಳೆದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ನೀರು, ಎರೆಮಣ್ಣು. ಮೇಲಿನ ಗದ್ದೆಗಳ ನೀರೆಲ್ಲ ಬಸಿದು ನಮ್ಮ ತಗ್ಗಿಗೇ ಬರುತ್ತದೆ. ಬೇಸಿಗೆಯಲ್ಲಿ ಬದುವಿನ ಮೇಲೆ ಉಪ್ಪು ಉದುರಿಸಿದ ಹಾಗೆ ಬೆಳ್ಳಗೆ, ಕಾಲಿಟ್ಟರೆ ಪುಡಿ ಏಳುತ್ತದೆ. ಮಣ್ಣು ಪರೀಕ್ಷೆಯಲ್ಲಿ ಇಸಿ (ಮಣ್ಣಿನ ಉಪ್ಪಿನ ಮಟ್ಟ ತೋರಿಸುವ ಅಳತೆ) 6.2 ಬಂದಿದೆ, 4 ದಾಟಿದರೆ ಸವಳು ಅಂತ ಲೆಕ್ಕ. ಪಿಎಚ್ 8.1 ಅಷ್ಟೇ, ಹಾಗಾಗಿ ಜಿಪ್ಸಮ್ ಹಾಕು ಅನ್ನಬೇಡಿ, ಅದು ಕರ್ಲು (ಸೋಡಿಯಂ ಜಾಸ್ತಿಯಾಗಿ ಪಿಎಚ್ ಏರಿದ ಕ್ಷಾರ) ಭೂಮಿಗೆ.

ಉಪ್ಪು ತಡೆಯುವ ಬ್ಯಾಕ್ಟೀರಿಯಾ ಬೇರಿನ ಸುತ್ತ ಅಂಟಿನಂಥ ಪದರ ಕಟ್ಟಿ ಸೋಡಿಯಂ ಹಿಡಿದಿಡುತ್ತವೆ, ಉಪ್ಪಿನ ಒತ್ತಡಕ್ಕೆ ಗಿಡದಲ್ಲಿ ಜಾಸ್ತಿಯಾಗುವ ಎಥಿಲೀನ್ ಅನ್ನೋ ಹಾರ್ಮೋನನ್ನೂ ತಗ್ಗಿಸುತ್ತವೆ, ಆಗ ಬೇರು ಮೊಟಕಾಗದೆ ಬೆಳೆಯುತ್ತದೆ ಅಂತ ಓದಿದ್ದೇನೆ. ಮಣ್ಣಿನ ಉಪ್ಪನ್ನೇನೂ ಅವು ತೆಗೆಯಲ್ಲ, ಬಸಿಗಾಲುವೆ ಬೇಕೇ ಬೇಕು, ಅದು ಗೊತ್ತು. ಹೋದ ವರ್ಷ ಅಂಗಡಿಯವರು ಕೊಟ್ಟ ಎರಡು ಬಾಟಲಿ ಬ್ಯಾಕ್ಟೀರಿಯಾ ದ್ರಾವಣ ಸುಮ್ನೆ ದಂಡ ಆಯ್ತು. ಆಮೇಲೆ ನೋಡಿದರೆ ಅವಧಿ ಮುಗಿದ ಮಾಲು! ಮಿಲಿಗೆ ಕನಿಷ್ಠ 10 ಕೋಟಿ ಜೀವಾಣು ಇರಬೇಕಲ್ವಾ, ಅದರ ಮೇಲೆ ಸಂಖ್ಯೆಯೇ ಇರಲಿಲ್ಲ.

ಕರ್ನಾಲ್‌ನ ಲವಣ ಮಣ್ಣು ಸಂಶೋಧನಾ ಸಂಸ್ಥೆಯ ಸಿಎಸ್ಆರ್-ಬಯೋ, ಹ್ಯಾಲೋ-ಅಜೋ ಅನ್ನೋ ಜೀವಾಣು ಗೊಬ್ಬರಗಳು ನಮ್ಮ ಕಡೆ ಸಿಗುತ್ತವಾ? ಸಸಿ ಬೇರು ಅದ್ದಿ ನಾಟಿ ಮಾಡೋದಾದರೆ ಎಷ್ಟು ಹೊತ್ತು ಇಡಬೇಕು? ಡಿಎಪಿ ರಸಗೊಬ್ಬರ ಹಾಕಿ ಎಷ್ಟು ದಿನ ಬಿಡಬೇಕು? ಗಂಗಾವತಿ ಸಂಶೋಧನಾ ಕೇಂದ್ರಕ್ಕೆ ಸೋಮವಾರ ಹೋಗುತ್ತೇನೆ, ಅದಕ್ಕೂ ಮೊದಲು ಮಾಡಿ ನೋಡಿದವರು ಹೇಳಿ ಅಣ್ಣಾ. ನಾಟಿಗೆ ಇನ್ನು 12 ದಿನ ಅಷ್ಟೇ.