ಬಾಣಂತನದ ರಜೆ ಮುಗೀತಿದೆ, ಮೂರು ತಿಂಗಳು ಅರ್ಧ ದಿನದ ಕೆಲಸ ಕೇಳಬಹುದಾ?

ಲೆಡ್ಜರ್ ಅಮ್ಮ:

ಪೀಣ್ಯದಲ್ಲಿ ಬಿಡಿಭಾಗ ಮಾಡೋ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೀನಿ. ಆಫೀಸು, ಮೆಷಿನ್ ಶಾಪ್ ಎಲ್ಲ ಸೇರಿ ಎಪ್ಪತ್ತರ ಮೇಲೆ ಜನ, ಅದರಲ್ಲಿ ಹೆಂಗಸರು ಒಂಬತ್ತೇ. ಮೊದಲ ಹೆರಿಗೆ. 26 ವಾರ ಸಂಬಳದ ರಜೆ ಕೊಟ್ಟರು, ಅದರಲ್ಲಿ ತಕರಾರಿಲ್ಲ. ಸೆಪ್ಟೆಂಬರ್ ಕೊನೆಗೆ ಅದು ಮುಗಿಯುತ್ತೆ.

ತಾಪತ್ರಯ ಏನಂದ್ರೆ, ಮಗಳು ಬಾಟಲಿ ಮುಟ್ಟೋದೇ ಇಲ್ಲ. ಹಾಲು ಹಿಂಡಿಟ್ಟು ಒಳಲೆಯಲ್ಲಿ ಕುಡಿಸೋಕೆ ನೋಡ್ತಿದ್ದೀವಿ. ಅರ್ಧ ಅವಳ ಕುತ್ತಿಗೆಗೆ ಇಳಿಯುತ್ತೆ, ಕಾಲು ಭಾಗ ನಮ್ಮಮ್ಮನ ಸೀರೆಗೆ, ಉಳಿದದ್ದು ಹೊಟ್ಟೆಗೆ. ಅಮ್ಮನೂ ತಿಪಟೂರಿಗೆ ವಾಪಸ್ ಹೋಗಬೇಕು, ಅಪ್ಪ ಒಬ್ಬರೇ ತೋಟ, ಅಡುಗೆ ಎರಡನ್ನೂ ನೋಡಿಕೊಳ್ತಿದ್ದಾರೆ. ಅತ್ತೆ ಇಲ್ಲ. ಯಜಮಾನರು ಸರ್ಕಾರಿ ಹೈಸ್ಕೂಲು ಮೇಷ್ಟ್ರು, ಅವರ 15 ದಿನದ ಪಿತೃತ್ವ ರಜೆ ಆಸ್ಪತ್ರೆ ಓಡಾಟದಲ್ಲೇ ಮುಗೀತು.

ಎಚ್‌ಆರ್‌ಗೆ ಫೋನ್ ಮಾಡಿ, ಮೂರು ತಿಂಗಳು ಅರ್ಧ ದಿನ ಬರ್ತೀನಿ, ಅರ್ಧ ಸಂಬಳವೇ ಕೊಡಿ ಅಂದೆ. "ನಮ್ಮ ಅಟೆಂಡೆನ್ಸ್ ಸಾಫ್ಟ್‌ವೇರ್‌ನಲ್ಲಿ ದಿನಾ ಅರ್ಧ ದಿನ ಹಾಕೋಕೆ ಬರಲ್ಲ ಮೇಡಂ" ಅಂದ್ರು! ಕಂಪನಿ ಕಡೆಯಿಂದ ಮಕ್ಕಳನ್ನ ನೋಡಿಕೊಳ್ಳೋ ಕ್ರೆಷ್ ಕೇಳಿದ್ದಕ್ಕೆ, ಐವತ್ತು ಜನ ಹೆಂಗಸರಿದ್ದರೆ ಮಾತ್ರ ಅದು ಅಂದ್ರು. ಆಮೇಲೆ ಮೆಲ್ಲಗೆ, "ಮನೆ ಕಡೆ ಕಷ್ಟ ಇದ್ರೆ ರಿಸೈನ್ ಮಾಡಿ, ಮುಂದೆ ನೋಡೋಣ" ಅಂತ ಬೇರೆ.

26 ವಾರವನ್ನೇ ಬಿಡಿಬಿಡಿಯಾಗಿ ತಗೊಳ್ಳೋಕೆ ಕಾನೂನಲ್ಲಿ ದಾರಿ ಇದೆಯಾ? ಯಾರಾದ್ರೂ ಹೀಗೆ ಅರ್ಧ ದಿನಕ್ಕೆ ಒಪ್ಪಿಸಿದ್ದೀರಾ?

ಹಳೇ ಪರ್ಸನಲ್ ಮ್ಯಾನೇಜರ್:

ನೋಡಮ್ಮ, ರಾಜೀನಾಮೆ ಮಾತು ಮೊದಲು ತಲೆಯಿಂದ ತೆಗೆದುಹಾಕು. ಫೋನಿನಲ್ಲಿ ಮಾತಾಡೋದನ್ನೂ ನಿಲ್ಲಿಸು, ಇನ್ನು ಮುಂದೆ ಎಲ್ಲ ಇಮೇಲ್.

26 ವಾರವನ್ನು ತುಂಡು ಮಾಡಿ ಅರ್ಧರ್ಧ ದಿನ ಬಳಸೋಕೆ ನಮ್ಮ ಕಾನೂನಲ್ಲಿ ಅವಕಾಶ ಇಲ್ಲ. ಹೆರಿಗೆಗೆ ಮುಂಚೆ ಗರಿಷ್ಠ 8 ವಾರ, ಉಳಿದದ್ದು ಆಮೇಲೆ, ಅಷ್ಟೇ. ಆದರೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಒಂದು ಮಾತು ಸೇರಿಸಿದರು: ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಬಹುದು, ಎಷ್ಟು ದಿನ, ಯಾವ ಷರತ್ತು ಅನ್ನೋದು ಇಬ್ಬರೂ ಮಾತಾಡಿಕೊಳ್ಳಬೇಕು. ಅದು ಹಕ್ಕಲ್ಲ, ಕೇಳೋಕೆ ಒಂದು ಆಧಾರ.

ಹಕ್ಕು ಅಂತ ಇರೋದು ಬೇರೆ ಎರಡು. ಮಗುವಿಗೆ 15 ತಿಂಗಳು ಆಗೋವರೆಗೆ, ಮಾಮೂಲಿ ವಿರಾಮ ಬಿಟ್ಟು, ದಿನಕ್ಕೆ ಎರಡು ಸಲ ಹಾಲೂಡಿಸೋ ಬಿಡುವು. ಇನ್ನೊಂದು ಕ್ರೆಷ್. ಐವತ್ತು ಅನ್ನೋದು ಒಟ್ಟು ನೌಕರರ ಲೆಕ್ಕ, ಗಂಡಸರೂ ಸೇರಿ. ನಿಮ್ಮ ಎಚ್‌ಆರ್ ಬಹುಶಃ ಹಳೇ ಫ್ಯಾಕ್ಟರಿ ಕಾಯ್ದೆ ತಲೆಯಲ್ಲಿಟ್ಟುಕೊಂಡಿದ್ದಾನೆ. ಅದರಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಅಂತಿತ್ತು. ಎಪ್ಪತ್ತು ಜನ ಇದ್ದಮೇಲೆ ಕ್ರೆಷ್ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು. ಒಂದೊಂದು ಶೆಡ್‌ನಲ್ಲೂ ಕಟ್ಟಬೇಕಿಲ್ಲ, ಅಕ್ಕಪಕ್ಕದ ಯೂನಿಟ್‌ಗಳು ಸೇರಿ ಒಂದು ನಡೆಸಿದರೂ ಆಯ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆಲ್ಲ ಹಾಗೇ ಇವೆ, ಕಲಂ ನಂಬರು ಮಾತ್ರ ಬದಲು.

ಈಗ ನನ್ನ ಕಿತಾಪತಿ ಕೇಳು. ಕ್ರೆಷ್ ವಿಷಯ ಇಮೇಲ್‌ನಲ್ಲಿ ಒಂದೇ ಸಾಲು, ವಿನಯವಾಗಿ ಬರಿ. ಅದರ ಕೆಳಗೆ ಅರ್ಧ ದಿನದ ಕೋರಿಕೆ ಇಡು. ಕ್ರೆಷ್‌ಗೆ ರೂಮು, ಆಯಾ, ಎಲ್ಲದರ ಖರ್ಚು ಲೆಕ್ಕ ಹಾಕಿದ ಮಾಲೀಕನಿಗೆ ನಿನ್ನ ಅರ್ಧ ದಿನ ಅಗ್ಗವಾಗಿ ಕಾಣುತ್ತೆ. "ಸೇವೆ ಮುರಿಯದೆ ಮುಂದುವರಿಯುತ್ತದೆ" ಅನ್ನೋ ವಾಕ್ಯ ಅವರ ಉತ್ತರದಲ್ಲಿ ಇರಲೇಬೇಕು, ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗೋ ಗ್ರಾಚ್ಯುಟಿ ಹಣಕ್ಕೆ ನಾಳೆ ಬೇಕಾಗುತ್ತೆ.

ಗೋಥೆನ್‌ಬರ್ಗ್ ಭಾವ:

ನಾನಿರೋದು ಸ್ವೀಡನ್‌ನಲ್ಲಿ. ಹೊಟ್ಟೆ ಉರಿಸೋಕಲ್ಲ, ನೀವು ಕೇಳಿದ ಅರ್ಧ ದಿನ ಇಲ್ಲಿ ಮಾಮೂಲಿ ಅಂತ ಹೇಳೋಕೆ ಬರೀತಿದ್ದೀನಿ. ಒಂದು ಮಗುವಿಗೆ 480 ದಿನ ಪೋಷಕರ ರಜೆ, ಅಪ್ಪ ಅಮ್ಮ ಹಂಚಿಕೊಳ್ಳಬೇಕು. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, 90 ಅಮ್ಮನಿಗೆ. ಮೀಸಲು ದಿನ ಬಿಟ್ಟುಕೊಡೋ ಹಾಗಿಲ್ಲ, ಬಳಸದಿದ್ದರೆ ಹೋಯ್ತು. ಇಡೀ ದಿನ, ಮುಕ್ಕಾಲು, ಅರ್ಧ, ಕಾಲು, ಕೊನೆಗೆ ಎಂಟನೇ ಒಂದು ಭಾಗ ಬೇಕಾದರೂ ತಗೋಬಹುದು. ನಾನು ಶುಕ್ರವಾರ ಶುಕ್ರವಾರ ಬಳಸಿದೆ. ಅದನ್ನ ಮಾರ್ಕ್ ಮಾಡೋಕೆ ಸಾಫ್ಟ್‌ವೇರ್‌ಗೆ ಏನೂ ಕಷ್ಟ ಆಗಲಿಲ್ಲ.

2024ರ ಜುಲೈಯಿಂದ ಅಜ್ಜಿ ತಾತನಿಗೂ ಒಬ್ಬ ಪೋಷಕರು 45 ದಿನದವರೆಗೆ ಬಿಟ್ಟುಕೊಡಬಹುದು. ಆದರೆ ಅಜ್ಜಿ ಇಲ್ಲಿನ ವಿಮಾ ವ್ಯವಸ್ಥೆಯಲ್ಲಿರಬೇಕು. ಹುಣಸೂರಿನಿಂದ ಬೇಸಿಗೆಗೆ ವಿಸಿಟರ್ ವೀಸಾದಲ್ಲಿ ಬರೋ ನಮ್ಮಮ್ಮನಿಗೆ ಅದು ಸಿಗಲ್ಲ. ಅವರು ಬಿಟ್ಟಿ ಬಾಣಂತನವೇ ಮಾಡಿದ್ದು, ಮೇಲೆ ಉಪ್ಪಿನಕಾಯಿ ಬೇರೆ ತಂದಿದ್ರು.

ಪುಷ್ಪಾ ಟೀಚರ್, ದಾವಣಗೆರೆ:

ಮೇಷ್ಟ್ರನ್ನ ಯಾಕೆ ಲೆಕ್ಕದಿಂದ ಬಿಟ್ರಿ ತಂಗಿ? ರಾಜ್ಯ ಸರ್ಕಾರ 2021ರಲ್ಲಿ ನಮಗೆ, ಅಂದರೆ ಮಹಿಳಾ ನೌಕರರಿಗೆ, ಇಡೀ ಸರ್ವೀಸಿಗೆ ಆರು ತಿಂಗಳು ಶಿಶುಪಾಲನಾ ರಜೆ ಕೊಡ್ತು. ಕೇಂದ್ರ ಸರ್ಕಾರಿ ಹೆಂಗಸರಿಗೆ 730 ದಿನ. ಹೆಂಡತಿ ಇರೋ ಗಂಡಸಿಗೆ ಅದಿಲ್ಲ, ನಿಜ. ಆದರೆ ದಸರಾ ರಜೆ ಇದೆಯಲ್ಲ! ನಿಮ್ಮ ರಜೆ ಮುಗಿದ ಬೆನ್ನಿಗೇ ಅದು ಶುರು. ಆ ರಜೆ ಪೂರ್ತಿ ಮಗುನ ಅವರ ಮಡಿಲಿಗೆ ಹಾಕಿ. ನಮ್ಮ ಸ್ಟಾಫ್ ರೂಮಿನಲ್ಲಿ ಗಂಡಸರು ದಸರಾ ರಜೆಯಲ್ಲಿ ಮನೆಗೆ ಸುಣ್ಣ ಹೊಡೆಸಿದೆ, ಕಾರು ಸರ್ವೀಸ್ ಮಾಡಿಸಿದೆ ಅಂತ ಹೇಳ್ತಾರೆ, ಮಗು ನೋಡ್ಕೊಂಡೆ ಅಂದವರನ್ನ ನಾನಂತೂ ಕಂಡಿಲ್ಲ.

ಲೆಡ್ಜರ್ ಅಮ್ಮ:

ಎಲ್ಲರಿಗೂ ನಮಸ್ಕಾರ. ಸಾರ್, ನೀವು ಹೇಳಿದ ಹಾಗೇ ಇಮೇಲ್ ಬರೆದೆ, ಎಚ್‌ಆರ್‌ಗಲ್ಲ, ನೇರ ಎಂಡಿಗೆ. ಜೊತೆಗೆ ಯಾವ ತೆರಿಗೆ, ಯಾವ ರಿಟರ್ನ್ ಯಾವ ತಾರೀಕಿಗೆ ಅನ್ನೋ ನನ್ನ ತಿಂಗಳ ಪಂಚಾಂಗ ಹಾಕಿದೆ: 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, ಇಎಸ್‌ಐ ಚಲನ್, 20ಕ್ಕೆ ಜಿಎಸ್‌ಟಿಆರ್-3ಬಿ. ಇಷ್ಟರಲ್ಲಿ ಆಫೀಸಿಗೇ ಬಂದು ಕೂರಬೇಕಾದ್ದು ವೆಂಡರ್ ಬಿಲ್ ತಾಳೆ ನೋಡೋಕೆ, ಚೆಕ್ ಸಹಿ ಮಾಡಿಸೋಕೆ ಮಾತ್ರ. ಅದಕ್ಕೆ ಬೆಳಗ್ಗೆ ಹೊತ್ತು ಸಾಕು. ಮಿಕ್ಕದ್ದು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ, ಮನೆಯಿಂದಲೇ ಆಗುತ್ತೆ. ಸೆಪ್ಟೆಂಬರ್ 30 ಟ್ಯಾಕ್ಸ್ ಆಡಿಟ್ ಗಡುವು ಬೇರೆ ಹತ್ತಿರ ಇದೆ, ಆಡಿಟರ್ ಎರಡು ಸಲ ನನ್ನನ್ನೇ ಕೇಳಿದ್ರಂತೆ. ನಾನು ಅದನ್ನ ಇಮೇಲ್‌ನಲ್ಲಿ ಬರೆಯಲಿಲ್ಲ, ಎಂಡಿಗೆ ಗೊತ್ತಿರುತ್ತೆ.

ಉತ್ತರ ಬಂತು. ದೀಪಾವಳಿವರೆಗೆ ಬೆಳಗ್ಗೆ 9ರಿಂದ 1, ಮಧ್ಯಾಹ್ನದ ಮೇಲೆ ಎರಡು ಗಂಟೆ ಮನೆಯಿಂದ, ಮುಕ್ಕಾಲು ಸಂಬಳ. ಆಮೇಲೆ ನೋಡೋಣ ಅಂದಿದ್ದಾರೆ. ಸೇವೆ ಮುಂದುವರಿಯುತ್ತೆ ಅನ್ನೋ ಸಾಲು ಇರಲಿಲ್ಲ, ಮತ್ತೆ ಕೇಳಿ ಹಾಕಿಸಿಕೊಂಡೆ. ಕ್ರೆಷ್ ಬಗ್ಗೆ ಚಕಾರ ಇಲ್ಲ. ಅದನ್ನ ಬಿಡೋ ಮನಸ್ಸಿಲ್ಲ ಸಾರ್, ಬಿಡಿಭಾಗ ಜೋಡಿಸೋ ಅಸೆಂಬ್ಲಿ ವಿಭಾಗದಲ್ಲಿರೋ ಇನ್ನೊಬ್ಬ ಹುಡುಗಿಗೆ ಈಗ ಐದು ತಿಂಗಳು, ಅವಳಿಗೆ ಮನೆಯಿಂದ ಕೆಲಸ ಅನ್ನೋದು ಆಗದ ಮಾತು. ಕಾರ್ಮಿಕ ಇಲಾಖೆಗೆ ಬರೆಯೋ ಮುಂಚೆ ಕಂಪನಿಗೆ ಎಷ್ಟು ಸಲ ಲಿಖಿತವಾಗಿ ಕೇಳಿರಬೇಕು?

ಪುಷ್ಪಕ್ಕ, ದಸರಾ ರಜೆ ವಿಷಯ ಮೇಷ್ಟ್ರಿಗೆ ಓದಿ ಹೇಳಿದೆ. ಒಳಲೆ ಹಿಡಿಯೋದನ್ನ ಅಮ್ಮನ ಹತ್ತಿರ ಕಲೀತಿದ್ದಾರೆ.

ಹಳೇ ಪರ್ಸನಲ್ ಮ್ಯಾನೇಜರ್:

ಇಷ್ಟೇ ಸಲ ಅಂತ ಲೆಕ್ಕ ಇಲ್ಲಮ್ಮ, ಒಂದು ಸಲ ಬರೆದಿದ್ದರೂ ದೂರು ಕೊಡಬಹುದು. ಆದರೆ ನೀನೊಬ್ಬಳೇ ಬರೀಬೇಡ. ಆ ಹುಡುಗಿ, ಉಳಿದ ಏಳು ಜನ, ಜೊತೆಗೆ ಚಿಕ್ಕ ಮಕ್ಕಳಿರೋ ನಾಲ್ಕು ಗಂಡಸರ ಸಹಿಯನ್ನೂ ಹಾಕಿಸು.