ಮೆಣಸಿನಕಾಯಿ ಸಸಿಮಡಿಗೆ ವ್ಯಾಮ್ ಹಾಕಬಹುದಾ?

ಹಾವೇರಿ ರೈತ:
ನಮಸ್ಕಾರ ರೀ. ಬ್ಯಾಡಗಿ ಮೆಣಸಿನಕಾಯಿಗೆ ಸಸಿಮಡಿ ಮಾಡುತ್ತಿದ್ದೇನೆ. ಅಂಗಡಿಯಲ್ಲಿ ವ್ಯಾಮ್ ಅಂತ, ಬೇರಿಗೆ ಕೂಡಿಕೊಂಡು ಬೆಳೆಯುವ ಶಿಲೀಂಧ್ರದ ಪೊಟ್ಟಣ ಕೊಟ್ಟಿದ್ದಾರೆ. ಮಡಿಗೆ ಹಾಕಲಾ, ನಾಟಿ ಆದ ಮೇಲೆ ಹೊಲಕ್ಕಾ? ಡಿಎಪಿ ಜೊತೆ ಕಲಸಬಹುದಾ? ಪಕ್ಕದಲ್ಲಿ ಎಲೆಕೋಸೂ ಇದೆ.

ನರ್ಸರಿ ಅಕ್ಕ:
ಮಡಿಗೇ ಹಾಕಿ ಅಣ್ಣಾ. ಈ ಶಿಲೀಂಧ್ರ ಬೆಳೆಯುವುದು ಜೀವಂತ ಬೇರಿನಲ್ಲಿ ಮಾತ್ರ. ಹಾಗಾಗಿ ಬೀಜದ ಸಾಲಿನಲ್ಲಿ, ಬೀಜದ ಕೆಳಗೇ ತೆಳುವಾಗಿ ಹರಡಿ. ಬೇರು ಹೊರಟ ಕೂಡಲೇ ಅದಕ್ಕೆ ತಗಲಬೇಕು. ಆಮೇಲೆ ಅದರ ಸಣ್ಣ ಎಳೆಗಳು ಬೇರು ಮುಟ್ಟದ ಜಾಗದಿಂದ ರಂಜಕ ಎಳೆದು ತರುತ್ತವೆ. ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ನಾನು ಒಂದು ಮಡಿಗೆ ಹಾಕಿ, ಪಕ್ಕದ್ದನ್ನು ಹಾಗೇ ಬಿಟ್ಟು ನೋಡಿದ್ದೇನೆ. ಕಿತ್ತಾಗ ಹಾಕಿದ ಸಸಿಗಳೇ ಗಟ್ಟಿ ಇದ್ದವು. ಹೊಲಕ್ಕೆಲ್ಲ ಎರಚಿದರೆ ಸುಮ್ನೆ ದುಡ್ಡು ದಂಡ.

ಡಿಎಪಿ ರಂಜಕದ ಗೊಬ್ಬರ, ಅದರ ಜೊತೆ ಬೇಡವೇ ಬೇಡ. ರಂಜಕ ಜಾಸ್ತಿ ಸಿಕ್ಕರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಎಲೆಕೋಸು, ಸಾಸಿವೆ ಜಾತಿಯ ಬೇರಿಗೆ ಇದು ಕೂಡುವುದೇ ಇಲ್ಲ. ಅಲ್ಲಿಗೆ ಹಾಕಬೇಡಿ.

ಶಿರಸಿ ತೋಟಿಗ:
ಸಸಿ ಬುಡ ಕೊಳೆಯುವ ಕಾಟ ಇದ್ದರೆ ಟ್ರೈಕೋಡರ್ಮಾ ಬೇಕು, ಅದು ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ. 1 ಕೆಜಿಯನ್ನು 90 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ ಜೊತೆ ಕಲಸಿ. ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ 15 ದಿನ ಇಟ್ಟು, ಆಮೇಲೆ ಮಡಿಗೆ ಹಾಕಿ. ನಮ್ಮ ಕಾಳುಮೆಣಸಿಗೂ ಹೀಗೇ ಮಾಡುತ್ತೇವೆ.

ಹಾವೇರಿ ರೈತ:
ಮಡಿಗೆ ತಾಮ್ರದ ಔಷಧ ಸುರಿಯಬೇಕು ಅಂತಿದ್ದೆ.

ನರ್ಸರಿ ಅಕ್ಕ:
ಟ್ರೈಕೋಡರ್ಮಾ ಜೊತೆಗೆ ಬೇಡ ಅಣ್ಣಾ. ಅದೂ ಶಿಲೀಂಧ್ರವೇ ಅಲ್ವಾ, ತಾಮ್ರ ಅದನ್ನೂ ಕೊಲ್ಲಬಹುದು. ಪೊಟ್ಟಣದ ಮೇಲಿನ ಅವಧಿ ದಿನಾಂಕವನ್ನೂ ನೋಡಿ. ಬಿಸಿಲಲ್ಲಿ ಇಟ್ಟು ಮಾರಿದ್ದಾದರೆ ವಾಪಸ್ ಕೊಡಿ.